ತಮ್ಮಲೆಯ ಕಪ್ಪು ಕನ್ನಡಕ

ಬೆಳಿಗ್ಗೆ ಮೇಜಿನ ಖಾನೆ ಎಳೆದರೆ ಒಣಮೀನಿನ ವಾಸನೆ. ಮಣಿಪಾಲದ ಭೌತಶಾಸ್ತ್ರ ವಿಭಾಗಕ್ಕೆ ಒಣಮೀನು ಎಲ್ಲಿಂದ ಬರಬೇಕು ಹೇಳಿ! ಅದು ತಮ್ಮಲೆಯ ಕನ್ನಡಕದ ಡಬ್ಬಿ. ತಮ್ಮಲೆ ಎಂದರೆ ತುಳುವಿನಲ್ಲಿ ಸೋದರಮಾವ. ಕಾಪುವಿನಲ್ಲಿ ಅವರಿಗೆ ದೋಣಿ ಇತ್ತು. ಈ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಅಡಗಿ ಕೆಳಗಿನ ಮೀನು ಕಾಣುತ್ತದೆಂದು ಅವರು ಅದನ್ನು ಊಟಕ್ಕೂ ತೆಗೆಯುತ್ತಿರಲಿಲ್ಲ.

ನಾನು ಪಿಎಚ್‌ಡಿ ಮುಗಿಸುವ ಅವಸರದಲ್ಲಿದ್ದ ವರ್ಷ ಅವರ ಮೊಬೈಲು ಕೆಟ್ಟಿತು. ಕ್ರಿಕೆಟ್ ನೋಡಲು ಅಡ್ಡ ಹಿಡಿದರೆ ಪರದೆ ಕಪ್ಪು. ಸ್ಕೂಟರಿನಲ್ಲಿ ಅವರನ್ನು ಕೂರಿಸಿಕೊಂಡು ಬನ್ನಂಜೆಯ ರಿಪೇರಿ ಅಂಗಡಿಗೆ ಮೂರು ಸಲ ಹೋದೆ. ಅಂಗಡಿಯವರು ನೋಡಿದರೆ ಮೊಬೈಲು ಸರಿ, ತಮ್ಮಲೆ ನೋಡಿದರೆ ಕಪ್ಪು. ಮೂರನೆಯ ಸಲ ಜಗಳ ಏರಿದಾಗ ನನಗೆ ಹೊಳೆಯಿತು.

"ತಮ್ಮಲೆ, ಕನ್ನಡಕ ತೆಗೀರಿ!"

ತೆಗೆದರು. ಪರದೆ ಬೆಳಗಿತು. ನಾಚಿಕೆಯಾದರೂ ಆಯಿತೇ? "ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ತಿ? ಬೆಳಕು ಕಲಿತವಳು ನೀನಲ್ವಾ?"

ಕಲಿಯುತ್ತಿದ್ದದ್ದೂ ಅದನ್ನೇ. ಆ ಕನ್ನಡಕ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ತಡೆಯುತ್ತದೆ; ಅಡ್ಡ ಹಿಡಿದ ಮೊಬೈಲಿನದು ಅಂಥದೇ ಬೆಳಕು. ಬಡಿದು ಚದುರಿದ ಬೆಳಕೂ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಬಹಳ ದೂರದ, ವಿಶ್ವದ ಮೊದಲ ಕಾಲದ ಗ್ಯಾಲಕ್ಸಿಯೊಂದರ ಸುತ್ತ ಅನಿಲ ಹೊಳೆಯುತ್ತಿತ್ತು. ಆ ಹೊಳಪು ಅನಿಲದ್ದೇ, ಅಥವಾ ಒಳಗಿನ ಗ್ಯಾಲಕ್ಸಿಯ ಬೆಳಕು ಬಡಿದು ಚದುರಿದ್ದೇ? ದೂರದರ್ಶಕಕ್ಕೂ ಇಂಥದೇ ಕನ್ನಡಕ ಹಾಕಿ, ತಿರುಗಿಸಿ ನೋಡಿದ್ದೆವು. ಅದು ಚದುರಿದ ಬೆಳಕೇ ಎಂದು ನಾನು ಎರಡು ವರ್ಷ ದುಡಿದು ಬರೆದಿದ್ದೆ. ಪ್ರಬಂಧ ನಿಂತದ್ದೇ ಅದರ ಮೇಲೆ.

ವಾಪಸು ಬರುವಾಗ ಇದನ್ನೆಲ್ಲ ಹೇಳಿದೆ. ಹೇಳಬಾರದಿತ್ತು.

"ನಿನ್ನ ದುರ್ಬೀನಿನ ಕನ್ನಡಕ ಸರಿ ಉಂಟಾ? ತೆಗೆದು ನೋಡಿದ್ಯಾ?"

"ಅದೆಲ್ಲ ನೋಡಿ ಆಗಿದೆ" ಎಂದು ರೇಗಿದೆ. ನೋಡಿರಲಿಲ್ಲ. ಮರುದಿನ ಸಿಟ್ಟಿನಲ್ಲೇ ಅದೇ ಚಿತ್ರದ ಮೂಲೆಯ ಸಾಧಾರಣ ನಕ್ಷತ್ರಗಳನ್ನು ಅಳೆದೆ. ಅವುಗಳ ಬೆಳಕಿಗೆ ಯಾವ ದಿಕ್ಕೂ ಇರಬಾರದು. ಇತ್ತು! ನನ್ನ ಅನಿಲಕ್ಕಿದ್ದ ದಿಕ್ಕೇ, ಅಷ್ಟೇ ಪ್ರಮಾಣದಲ್ಲಿ. ದೋಷ ನಮ್ಮ ಉಪಕರಣದ್ದು. ಅದನ್ನು ಕಳೆದರೆ ಏನೂ ಉಳಿಯಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ.

ತಮ್ಮಲೆಗೆ ಹೇಳಿದರೆ ಸಮಾಧಾನ ಮಾಡಿಯಾರು ಎಂದುಕೊಂಡಿದ್ದೆ. "ಎರಡು ವರ್ಷ ಬೇಕಾಯ್ತಾ? ನನಗೆ ಬನ್ನಂಜೆಗೆ ಮೂರೇ ಸಲ" ಎಂದರು. ನಾನು ಹೊರಡುವಾಗ ಕನ್ನಡಕ ಡಬ್ಬಿ ಸಮೇತ ನನ್ನ ಕೈಗಿತ್ತರು. ಪ್ರಬಂಧ ಮತ್ತೊಂದು ವರ್ಷ ಹಿಡಿಯಿತು.

ಈಗ ಅವರಿಲ್ಲ. ಬೇರೆ ಗ್ಯಾಲಕ್ಸಿ, ಹೊಸ ಅಳತೆ. ಇವತ್ತು ಮಧ್ಯಾಹ್ನದೊಳಗೆ ಲೇಖನ ಸಂಶೋಧನಾ ಪತ್ರಿಕೆಗೆ ಕಳಿಸಬೇಕು. ನಕ್ಷತ್ರಗಳನ್ನು ಎರಡು ಸಲ ನೋಡಿಯಾಗಿದೆ. ಅಷ್ಟರಲ್ಲಿ ಈ ಹಾಳು ವಾಸನೆ. ಡಬ್ಬಿ ಮುಚ್ಚಿದೆ, ಖಾನೆ ದೂಡಿದೆ, ಬಯ್ದೆ.

ಆಮೇಲೆ ಮೂರನೆಯ ಸಲ ನೋಡಲು ಕೂತೆ.