ಹಳದಿ ಚೀಟಿಯ ಮೇಲಿನ ಸಹಿ

ಬಾಟಲಿ ಕಾರ್ಖಾನೆಯಲ್ಲಿ ಅವನನ್ನು ಅನುಮಾನದ ಸಾಹೇಬ ಅಂತಲೇ ಕರೆಯುತ್ತಿದ್ದರು. ಹುಟ್ಟಿದ ಕೂಡಲೇ ಸೂಲಗಿತ್ತಿಯ ಗುರುತಿನ ಚೀಟಿ ಕೇಳಿದ್ದನಂತೆ ಎಂದು ಕೆಲಸಗಾರರು ನಗಾಡುತ್ತಿದ್ದರು. ಅವನ ಕೆಲಸವೇ ಅಂಥದ್ದು ಬಿಡಿ. ಬಾಟಲಿ ಮಾಡುವ ಯಂತ್ರಗಳನ್ನು ನಡೆಸುವ ಕಂಪ್ಯೂಟರ್‌ಗಳಿಗೆ ಹೊರಗಿನ ಕಳ್ಳರು ನುಗ್ಗದ ಹಾಗೆ ಕಾಯಬೇಕು. ಆ ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಕೊಟ್ಟಿರಲಿಲ್ಲ. ಹೊಸ ಬಾಟಲಿಯ ಅಳತೆ ಬರುವುದಾದರೆ ಪೆನ್‌ಡ್ರೈವ್‌ನಲ್ಲೇ ಬರಬೇಕು. ಅದನ್ನು ಮೊದಲು ಅವನು ತಪಾಸಣೆ ಮಾಡಿ, ಹಳದಿ ಚೀಟಿ ಅಂಟಿಸಿ, ಹಸಿರು ಶಾಯಿಯಲ್ಲಿ ಸಹಿ ಹಾಕಬೇಕು. ಚೀಟಿ ಇಲ್ಲದ್ದನ್ನು ಯಂತ್ರಕ್ಕೆ ಹಾಕಿದರೆ ಕೆಲಸ ಹೋಯಿತೆಂದೇ ಲೆಕ್ಕ.

ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿತವಳು ಅವನ ಅಕ್ಕ. ಕುಲುಮೆ ಪಕ್ಕದ ಯಂತ್ರ ನಡೆಸುತ್ತಿದ್ದಳು. ಅಪ್ಪ ಅಮ್ಮ ಕಣ್ಮುಚ್ಚಿದ ಮೇಲೆ ಆ ಯಂತ್ರದ ಸಂಬಳದಲ್ಲೇ ಅವನನ್ನು ಸಾಕಿ ಓದಿಸಿದ್ದಳು. ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಅವನ ಸಹಿಯ ತುದಿಯ ಬಾಲ ಅವಳ ಬರವಣಿಗೆಯಿಂದಲೇ ಬಂದದ್ದು. "ನಮ್ಮ ಪುಟ್ಟ ಸಹಿ ಹಾಕಿದ್ರೆ ಮುಗೀತು, ಆಮೇಲೆ ಯಾವ ಚಿಂತೆನೂ ಬೇಡ" ಎಂದು ಜೊತೆಯವರಿಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ವರ್ಷಕ್ಕೊಮ್ಮೆ ಅವನು ಬೋನು ಇಡುತ್ತಿದ್ದ. ಕೈತಪ್ಪಿ ಬಿದ್ದ ಹಾಗೆ ಅಲ್ಲಲ್ಲಿ ಪೆನ್‌ಡ್ರೈವ್ ಬಿಡುವುದು. ಯಾರಾದರೂ ಯಂತ್ರಕ್ಕೆ ಹಾಕಿದರೆ ಅವರ ಹೆಸರು ಅವನ ಪರದೆಯ ಮೇಲೆ ಬರುವುದು. ಈ ಸಲ ಒಬ್ಬರೂ ಬೀಳಲಿಲ್ಲ. ಎಲ್ಲವನ್ನೂ ತಂದು ಅವನ ಮೇಜಿನ ಮೇಲಿಟ್ಟು ಹೋದರು. ಅವನು ಹಿಗ್ಗಿ ಹೀರೇಕಾಯಿಯಾಗಿ ಮ್ಯಾನೇಜರ್ ಹತ್ತಿರ ಓಡಿದ.

"ಒಬ್ರೂ ಸಿಗಲಿಲ್ವಾ?" ಎಂದರು ಮ್ಯಾನೇಜರ್. "ಹಾಗಾದ್ರೆ ನೀನ್ಯಾಕೆ ಬೇಕು ಅಂತ ಮೇಲಿನವರು ಕೇಳ್ತಾರಲ್ಲಯ್ಯಾ. ಏನು ಹೇಳಲಿ?"

ಅಲ್ಲಾ, ಇದೂ ಒಂದು ಮಾತೇ! ಮಾನ ಇದ್ದವನು ಅಲ್ಲೇ ಎರಡು ಮಾತು ಆಡಿ ಬರುತ್ತಿದ್ದ. ಇವನು ತಲೆಯಾಡಿಸಿ ಹೊರಬಂದ. ಒಂದು ಬೋನಿನ ಪೆನ್‌ಡ್ರೈವ್‌ಗೆ ತಾನೇ ಹಳದಿ ಚೀಟಿ ಅಂಟಿಸಿದ, ಹಸಿರು ಶಾಯಿಯಲ್ಲಿ ತನ್ನದೇ ಸಹಿ ಗೀಚಿದ, ಕೊನೆಯ ಯಂತ್ರದ ಮುಂದಿನ ತಟ್ಟೆಯಲ್ಲಿ ಇಟ್ಟ. ಆ ಯಂತ್ರದವನು ಬಾಯಿಬಡುಕ, ಇವನನ್ನು ಕಂಡರೆ ಅಣಕಿಸುವವನು. ಅವನು ಬಿದ್ದರೆ ಬೀಳಲಿ ಎಂದುಕೊಂಡ.

ಬಾಯಿಬಡುಕನಿಗೆ ಅವತ್ತು ಜ್ವರ. ಅವನ ಜಾಗದಲ್ಲಿ ಕೂತವಳು ಅಕ್ಕ. ಊಟದ ಹೊತ್ತಿಗೆ ಪರದೆಯ ಮೇಲೆ ಅವಳ ಹೆಸರು ಮೂಡಿತು. ಅಳಿಸೋಣವೆಂದರೆ ಮ್ಯಾನೇಜರ್ ಪರದೆಯಲ್ಲೂ ಅದೇ ಹೆಸರು ಬಂದಾಗಿತ್ತು.

ವಿಚಾರಣೆಗೆ ಮೇಲಧಿಕಾರಿಯೂ ಬಂದರು. ಅಕ್ಕ ಕೈ ಒರೆಸಿಕೊಳ್ಳುತ್ತಾ ನಿಂತಳು. ಅವಳಿಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ.

"ಚೀಟಿ ಇತ್ತು ಸಾರ್. ನಮ್ಮ ಪುಟ್ಟಂದೇ ಸಹಿ. ಕೇಳಿ ಬೇಕಾದ್ರೆ."

ಮೇಲಧಿಕಾರಿ ಇವನ ಕಡೆ ತಿರುಗಿದರು. "ಇದು ನೀನು ಹಾಕಿದ ಸಹಿನಾ?"

ಹೌದೆಂದರೆ ಅಕ್ಕ ಉಳಿಯುತ್ತಾಳೆ, ಮೋಸದ ಬೋನು ಇಟ್ಟದ್ದಕ್ಕೆ ಇವನು ಮನೆಗೆ ಹೋಗುತ್ತಾನೆ. ಅಷ್ಟೇ ಲೆಕ್ಕ.

"ಅಲ್ಲ ಸಾರ್. ನಕಲಿ. ಪರೀಕ್ಷೆಗೆ ಅಂತ ಬೇರೆಯವರ ಹತ್ರ ಬರೆಸಿದ್ದು. ಸರಿಯಾಗಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು."

ಥೂ, ಆ ನಾಲಿಗೆ ಅಲ್ಲೇ ಬಿದ್ದುಹೋಗಬಾರದಿತ್ತೇ! ಅಕ್ಕ ಚೀಟಿಯನ್ನು ಕೈಗೆತ್ತಿಕೊಂಡಳು. ಹಸಿರು ಬಾಲದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತಮ್ಮನ ಮುಖ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ.

"ಹೌದು ಸಾರ್," ಎಂದಳು. "ನಂದೇ ತಪ್ಪು. ಸರಿಯಾಗಿ ನೋಡಲಿಲ್ಲ."

ಮೇಲಧಿಕಾರಿಗೆ ಖುಷಿಯೋ ಖುಷಿ. "ಸ್ವಂತ ಅಕ್ಕನ್ನೂ ಬಿಡಲಿಲ್ಲ ನೋಡ್ರೀ! ಇಂಥವನು ಬೇಕು ನಮಗೆ" ಎಂದು ಅವನ ಬೆನ್ನು ತಟ್ಟಿದರು. ಅಕ್ಕ ಆ ಮಧ್ಯಾಹ್ನವೇ ಹೊರಟಳು. ಗೇಟಿನಲ್ಲಿ ಕಾವಲುಗಾರ ತಲೆ ತಗ್ಗಿಸಿಕೊಂಡೇ ಅವಳ ಊಟದ ಡಬ್ಬಿ ಬಿಚ್ಚಿಸಿ, ಒಳಗೆ ಬೆರಳಾಡಿಸಿ ನೋಡಿದ. ಕೆಲಸ ಕಳಕೊಂಡವರನ್ನು ಹಾಗೆ ತಪಾಸಣೆ ಮಾಡಬೇಕೆಂಬ ನಿಯಮವೂ ತಮ್ಮನದೇ. ಈ ವಯಸ್ಸಿನಲ್ಲಿ, ಕುಲುಮೆಯ ಕಾವಿಗೆ ಸುಟ್ಟ ಆ ಕೈಗಳಿಗೆ ಇನ್ನೆಲ್ಲೂ ಕೆಲಸ ಹುಟ್ಟಲಿಲ್ಲ.

ಅವನಿಗೆ ಬಡ್ತಿ ಸಿಕ್ಕಿತು. ಒಂದು ರಜೆಯ ದಿನ ಹಣ್ಣಿನ ಚೀಲ ಹಿಡಿದು ಅಕ್ಕನ ಒಂಟಿ ಕೋಣೆಯ ಬಾಗಿಲು ತಟ್ಟಿದ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಅಕ್ಕಾ, ಬಾಗಿಲು ತೆಗಿ. ನಾನು, ಪುಟ್ಟ."

ಸದ್ದು ನಿಂತಿತು. ಅವಳು ಬಾಗಿಲ ತನಕ ಬಂದದ್ದು ಅವನಿಗೆ ಕೇಳಿಸಿತು.

"ದನಿ ನಮ್ಮ ಪುಟ್ಟನ ಥರಾನೇ ಇದೆ," ಎಂದಳು ಒಳಗಿನಿಂದಲೇ.

"ನಾನೇ ಅಕ್ಕಾ! ನಿನ್ನ ಪುಟ್ಟಾನೇ!"

"ಇರಲಿಕ್ಕಿಲ್ಲ. ನಕಲಿ ಇರ್ಬೇಕು. ಹೋಗಪ್ಪಾ, ಯಾರೋ ಏನೋ."

ಮತ್ತೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು.