ದೊಡ್ಡಪ್ಪನ ಕಾಲಿಗೆ ತಾಕದ ಕಾರು

ಮೊನ್ನೆ ಹಿಂದೂಪುರದ ಬಂಕಿನಲ್ಲಿ ಪೈಪು ತೆಗೆಯುವಾಗ ನಾಲ್ಕು ಹನಿ ಪೆಟ್ರೋಲು ನನ್ನ ಪಾದದ ಮೇಲೆ ಬಿತ್ತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಮೂಗಿಗೆ ಹತ್ತಿ ಬೈಗುಳ ಅಲ್ಲೇ ನಿಂತಿತು. ಅದರ ಜೊತೆಗೆ ಗಂಜಿ ಹಾಕಿದ ರೇಷ್ಮೆಯ ವಾಸನೆಯೂ ಇದ್ದಿದ್ದರೆ ಪೂರ್ತಿ ದೊಡ್ಡಪ್ಪನೇ ಬಂದು ನಿಂತ ಹಾಗಾಗುತ್ತಿತ್ತು...

ದೊಡ್ಡಪ್ಪ ಅಂದರೆ ರಕ್ತಸಂಬಂಧವಲ್ಲ, ಪಕ್ಕದ ಮನೆಯವರು. ನೇಯ್ಗೆಯ ಮನೆತನ. ವಾರಕ್ಕೊಮ್ಮೆ ಸೀರೆಗಳ ಗಂಟನ್ನು ತಮ್ಮ ಹಳೇ ಕಾರಿನ ಹಿಂದಿನ ಸೀಟಿಗೆ ತುರುಕಿ ಕಲ್ಯಾಣದುರ್ಗದ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ನಾನೋ ಮಿಮಿಕ್ರಿಯವನು. ಮದುವೆ ಮನೆಯಲ್ಲಿ ಊಟ ತಡವಾದರೆ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಉದ್ಯೋಗ. ಊರಿನ ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಆ ದಿನಗಳಲ್ಲಿ ನನಗೆ ಹೆಚ್ಚು ಚಪ್ಪಾಳೆ ತಂದ ಐಟಂ ದೊಡ್ಡಪ್ಪನ ಕಾರು: ಬೆಳಗಿನ ಕೆಮ್ಮು, ಎರಡನೇ ಗೇರಿನ ನರಳಾಟ, ಇಳಿಜಾರಿನ ಗೊರಕೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಅವರೇ.

ಅವರು ಬರಿಗಾಲಲ್ಲೇ ಕಾರು ಓಡಿಸುತ್ತಿದ್ದರು. ಗುಡಿಗೆ ಹೋಗುವವರಂತೆ ಚಪ್ಪಲಿಯನ್ನು ಮನೆಬಾಗಿಲಲ್ಲೇ ಬಿಟ್ಟು ಹತ್ತುವುದು, ಕಲ್ಯಾಣದುರ್ಗದಲ್ಲಿ ಬಿಸಿಲಿಗೆ ಕುಪ್ಪಳಿಸುತ್ತ ಅಂಗಡಿ ಅಂಗಡಿ ಸುತ್ತುವುದು. ನಾನು ರೇಗಿಸಿದರೆ, ಮಗ್ಗದ ಗುಂಡಿಯಲ್ಲಿ ಚಪ್ಪಲಿ ಹಾಕಿಕೊಂಡು ಕೂತ ನೇಕಾರನನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಕೇಳುತ್ತಿದ್ದರು. ಮಗ್ಗದ ತುಳಿಹಲಗೆಯಲ್ಲಿ ನೂಲಿನ ಬಿಗಿ ಅಂಗಾಲಿಗೆ ಗೊತ್ತಾಗುವ ಹಾಗೆ ಕ್ಲಚ್ಚಿನಲ್ಲಿ ಗೇರು ಎಲ್ಲಿ ಕಚ್ಚುತ್ತದೆಂದು ಗೊತ್ತಾಗಬೇಕು, ಅದು ಗೊತ್ತಾಗದಿದ್ದರೆ ಅದು ಓಡಿಸುವುದಲ್ಲ, ಬರೀ ಕೂತು ಹೋಗುವುದು ಎನ್ನುವುದು ಅವರ ಸಿದ್ಧಾಂತ.

ಅವರ ತಂಗಿ ಮಗ ಕಲ್ಯಾಣದುರ್ಗದವನು. ಗಾಳಿಯಂತ್ರದ ಕಾಂಟ್ರಾಕ್ಟಿನಲ್ಲಿ ಕೈ ತುಂಬಿದ ಮೇಲೆ ಕೆಂಪು ಸ್ಪೋರ್ಟ್ಸ್ ಕಾರು ತಂದ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗಿತ್ತು. ನಮ್ಮ ಬೀದಿಯ ಹಂಪ್ ದಾಟಿಸಲು ಜನ ಇಳಿದು, ಬಗ್ಗಿ ನೋಡಿ, ಸಲಹೆ ಕೊಡಬೇಕಾಯಿತು. ಮಾವ, ನೀನೇ ಓಡಿಸು ಎಂದು ಅವನು ಕೀ ಕೊಟ್ಟ. ದೊಡ್ಡಪ್ಪ ಚಪ್ಪಲಿ ಬಿಟ್ಟು ಹತ್ತಿದರು. ಹಿಂದೆ ಸೀಟು ಎಂಬ ಹೆಸರಿನ ಒಂದು ಸಂದಿಯಿತ್ತು, ಅದರಲ್ಲಿ ನನ್ನನ್ನು ಮಡಚಿಟ್ಟರು.

ಪಾವಗಡ ದಾಟುವವರೆಗೆ ದೊಡ್ಡಪ್ಪ ಪೆಡಲನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದರು. ಆಮೇಲೆ, "ಲೇಯ್, ದೀನ್ಲೋ ಪ್ರಾಣಂ ಲೇದುರಾ," ಇದರಲ್ಲಿ ಜೀವವೇ ಇಲ್ಲ, ಎಂದರು. ಅಳಿಯ ಒಂದು ಬಟನ್ ಒತ್ತಿದ. ಎಂಜಿನ್ನು ಗುಡುಗಿತು. ಈ ಸದ್ದಿನಲ್ಲಿ ಒಂದು ಪಾಲು ಸ್ಪೀಕರಿನಿಂದಲೂ ಬರುತ್ತದೆ ಎಂದು ಅವನೇ ಹೆಮ್ಮೆಯಿಂದ ಹೇಳಿದ. ದೊಡ್ಡಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಇದೂ ನಿನ್ನಂಗೇ ಮಿಮಿಕ್ರಿ ಕಣ್ಲಾ." ಅಳಿಯನ ಮುಖ ಸಣ್ಣದಾಯಿತು. ನಾನು ನಕ್ಕೂ ನಕ್ಕೂ ತಲೆಯನ್ನು ರೂಫಿಗೆ ಹೊಡೆಸಿಕೊಂಡೆ.

ಕಂಬದೂರಿನ ಹತ್ತಿರ ಕುರಿಮಂದೆ ಅಡ್ಡ ಬಂತು. ದೊಡ್ಡಪ್ಪ ಇಳಿದು ರಸ್ತೆ ಪಕ್ಕಕ್ಕೆ ಹೋಗಿ ಬಂದರು. ಮತ್ತೆ ಓಡಿಸಿದರು. ಕಲ್ಯಾಣದುರ್ಗದಲ್ಲಿ ಅವರ ತಂಗಿ ಆಗಷ್ಟೇ ನೆಲ ಒರೆಸಿದ್ದರು. ಒಳಗೆ ಬಂದ ದೊಡ್ಡಪ್ಪನ ಹಿಂದೆ ಕೆಂಪು ಹೆಜ್ಜೆಗಳು ಬಿದ್ದಿದ್ದವು. ಕುಂಕುಮ ಎಲ್ಲಿ ತುಳಿದು ಬಂದೆ ಎಂದು ಆಕೆ ಗದರಿದರು. ನಾನು ಕೂತು ಅವರ ಪಾದ ಎತ್ತಿ ನೋಡಿದೆ. ಜಾಲಿಯ ಮುಳ್ಳು ಅಂಗಾಲಿಗೆ ಬುಡದವರೆಗೂ ಹೋಗಿ ಮುರಿದುಕೊಂಡಿತ್ತು. ಆ ಕಾಲಿನಲ್ಲೇ ಅವರು ಕಂಬದೂರಿನಿಂದ ಆ ಪೆಡಲು ತುಳಿದಿದ್ದರು. ಯಾರದೋ ಕಾಲನ್ನು ನೋಡುವವರ ಹಾಗೆ ಅದನ್ನು ನೋಡಿದರು.

ತಂಗಿ ಅರಿಸಿನ ತರಲು ಒಳಗೆ ಹೋದಾಗ ಮೆಲ್ಲಗೆ ಹೇಳಿದರು: "ಕಾರಿನ್ದೇ ತಪ್ಪು, ನನ್ ಕಾಲಿಂದಲ್ಲ ಅನ್ನು. ಊರಾಗೆಲ್ಲ ಅಂಗೇ ಹೇಳು. ನೀನು ಮಾಡಿ ತೋರ್ಸಿದ್ರೆ ಜನ ನಂಬ್ತಾರೆ ಕಣಪ್ಪ." ವಾರಕ್ಕೊಂದು ದಿನದ ಆ ರಸ್ತೆ ಕೈತಪ್ಪಿ ಹೋಗುತ್ತದೆ ಎನ್ನುವುದಷ್ಟೇ ಅವರ ಭಯ. ಮುಳ್ಳಿನದಲ್ಲ.

ನಾನೂ ಮಾಡಿ ತೋರಿಸಿದೆ. ಜೀವವಿಲ್ಲದ ಕಾರು, ಬೆಪ್ಪಾದ ಮಾವ, ಬಟನ್ ಒತ್ತುವ ಅಳಿಯ. ಹಿಂದೂಪುರ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಒಬ್ಬರೇ ನಗಲಿಲ್ಲ. ಬೀದಿಯಲ್ಲಿ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಗಂಡ ನಡೆದು ಬರುವುದನ್ನು ಅವರು ಆಗಲೇ ಕಂಡಿದ್ದರು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಪಾದದ ನರ ಸತ್ತಿದೆ ಎಂದರು, ಡ್ರೈವಿಂಗ್ ಬೇಡ ಎಂದರು. ದೊಡ್ಡಮ್ಮ ಹಳೇ ಕಾರಿನ ಕೀ ಕೇಳಿದರು. ಜಗಳವಾಗುತ್ತದೆಂದು ನಾನು ಬಿಡಿಸಲು ತಯಾರಾಗಿ ನಿಂತಿದ್ದೆ. ದೊಡ್ಡಪ್ಪ ಜೇಬಿನಿಂದ ತೆಗೆದು ಕೊಟ್ಟುಬಿಟ್ಟರು. ನನಗೆ ಹೆದರಿಕೆಯಾದದ್ದು ಆಗ.

ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ... ಮಂಚದ ಮೇಲೆ ಕೂತು ಕಾರು ಮಾಡಿ ತೋರಿಸು ಎನ್ನುತ್ತಿದ್ದರು. ಮಾಡುತ್ತಿದ್ದೆ. ಗೇರು ಬದಲಿಸುವ ಜಾಗ ಬಂದಾಗ ಹೊದಿಕೆಯೊಳಗೆ ಏನೋ ಕದಲುತ್ತಿತ್ತು. ನಾನು ಆ ಕಡೆ ನೋಡದೆ ಬಾಯಿಯಲ್ಲೇ ಕಲ್ಯಾಣದುರ್ಗ ಮುಟ್ಟಿಸುತ್ತಿದ್ದೆ. ಒಂದು ಬೇಸಿಗೆ ಕಳೆಯಿತು, ಇನ್ನೊಂದಕ್ಕೆ ಅವರಿರಲಿಲ್ಲ.

ಮೊನ್ನೆ ಬಂಕಿನಲ್ಲಿ ನಾನು ನಿಂತಿದ್ದದ್ದು ಅದೇ ಕೆಂಪು ಕಾರಿನ ಪಕ್ಕದಲ್ಲಿ. ಅಳಿಯ ಊರಿಗೆ ಬಂದಿದ್ದ. ಪಾದ ಒರೆಸಿಕೊಂಡ ಮೇಲೆ ಒಂದು ಸಲ ನಾನೇ ಓಡಿಸುತ್ತೇನೆಂದೆ. ಚಪ್ಪಲಿ ಹಾಕಿಕೊಳ್ಳದೆ ಹತ್ತಿ ಲೇಪಾಕ್ಷಿ ರಸ್ತೆಗೆ ಬಿಟ್ಟೆ. ನನಗೆ ಸಕ್ಕರೆಯಿಲ್ಲ. ಇರುವೆ ಹತ್ತಿದರೂ ನನ್ನ ಅಂಗಾಲಿಗೆ ಗೊತ್ತಾಗುತ್ತದೆ. ಆದರೂ ಪೆಡಲು ಎಲ್ಲಿ ಕಚ್ಚುತ್ತದೋ, ರಸ್ತೆ ಎಲ್ಲಿ ಒರಟಾಯಿತೋ ಒಂದೂ ನನ್ನ ಪಾದಕ್ಕೆ ಮುಟ್ಟಲಿಲ್ಲ. ಸ್ಟೇರಿಂಗು ಯಾರೋ ಆಗಲೇ ತಿರುಗಿಸಿಟ್ಟ ಹಾಗೆ ತಿರುಗುತ್ತಿತ್ತು. ವೇಗ ಪರದೆಯ ಮೇಲಷ್ಟೇ ಇತ್ತು. ದೊಡ್ಡಪ್ಪ ಹೇಳಿದ್ದು ನಿಜ.

ಬಂದವನೇ ಆ ಕಾರು ನನ್ನ ಕಾಲಿಗೂ ತಾಕಲಿಲ್ಲ ಎಂದು ದೊಡ್ಡಮ್ಮನಿಗೆ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಅಂಗಾರೆ ಅವತ್ತು ಅವ್ರ ಕಾಲಿಗೆ ಗೊತ್ತಾಗ್ತಿತ್ತಾ? ಕೀ ನಾನು ಸುಮ್ಸುಮ್ಕೆ ಇಸ್ಕೊಂಡ್ಬುಟ್ನಾ?"

ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲವಲ್ಲ ದೊಡ್ಡಮ್ಮ, ಎಂದೆ. ಮುಳ್ಳಿನ ಮಾತು ಬಿಡು, ಕಾರಿನ ಮಾತು ಹೇಳು ಎಂದರು. ಕಾರು, ಕಾಲು ಎರಡೂ ಸತ್ತಿದ್ದವೋ, ಒಂದೇ ಸತ್ತಿತ್ತೋ, ಆ ದಿನ ಆ ಪಾದಕ್ಕೆ ಎಷ್ಟು ಗೊತ್ತಾಗಿತ್ತೋ, ಹೇಳಬೇಕಾದವರು ಒಬ್ಬರೇ ಇದ್ದರು. ಅವರ ದನಿ ನನಗೆ ಬರುತ್ತದೆ. ಬಾಯಿ ತೆರೆದರೆ ಸಾಕು, ಆಕೆಗೆ ಬೇಕಾದ ಉತ್ತರವನ್ನು ಅವರ ದನಿಯಲ್ಲೇ ಕೊಡಬಹುದಿತ್ತು.

ದೊಡ್ಡಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ತೆರೆಯಲಿಲ್ಲ.