ಅತ್ತೆ ತಂದ ರವದಿ

ನಾನು ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ನೂಲಿನ ಧಾರಣೆ ಗೊತ್ತಿತ್ತು, ಸೀರೆಯ ಧಾರಣೆ ಗೊತ್ತಿತ್ತು. ಎಮ್ಮೆಗೆ ಮುಂದೆ ಬಾಯಿ, ಹಿಂದೆ ಬಾಲ ಅನ್ನುವುದರಾಚೆ ಏನೂ ಗೊತ್ತಿರಲಿಲ್ಲ. ಮುಧೋಳದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಹಿತ್ತಲಲ್ಲಿ ಒಂದು ಎಮ್ಮೆಯಿತ್ತು. ಗಂಡ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಸಂಬಳ ಅವರದು, ಎಮ್ಮೆ ಅತ್ತೆಯದು. ಅದಕ್ಕೆ ಬೇರೆಯವರು ಕೈ ಹಚ್ಚುವಂತಿರಲಿಲ್ಲ.

ಮೂರನೆಯ ವರ್ಷ ನಾದಿನಿಯ ಬಾಣಂತನಕ್ಕೆಂದು ಅತ್ತೆ ಬೀಳಗಿಗೆ ಹೊರಟರು. ಎಮ್ಮೆ ಗಬ್ಬವಿತ್ತು. "ಕಣಕಿ ಹಾಕು, ನೀರ ಕುಡಿಸು, ಮತ್ತೇನಿಲ್ಲ" ಅಂದು ಬಸ್ಸು ಹತ್ತಿದರು. ಕಣಕಿಯೆಂದರೆ ಜೋಳದ ಒಣ ದಂಟು. ನೀರಾವರಿ ಬಂದು ಊರ ಸುತ್ತೆಲ್ಲ ಕಬ್ಬೇ ಆದಮೇಲೆ ಜೋಳ ಬಿತ್ತುವವರು ಕಡಿಮೆಯಾಗಿ, ಕಣಕಿಗೆ ಬಂಗಾರದ ಬೆಲೆ ಬಂದಿತ್ತು.

ಒಂದು ದಿನ ಯಾರೋ ಬಂದು ನಮ್ಮ ಕಣಕಿಯ ಬಣವೆ ನೋಡಿ ರೇಟು ಹೇಳಿದ. ನನ್ನ ಕಿವಿ ನೆಟ್ಟಗಾದವು. ಅದೇ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗಿನವರು ಕಬ್ಬಿನ ತುದಿಯ ಹಸಿರು ಎಲೆಯನ್ನು, ಅಂದರೆ ವಾಡಿಯನ್ನು, ಹೊರೆಗಟ್ಟಲೆ ಅಗ್ಗಕ್ಕೆ ಮಾರುತ್ತಿದ್ದರು. ತುಟ್ಟಿಯದನ್ನು ಮಾರಿ ಸೋವಿಯದನ್ನು ಕೊಂಡರೆ ಲಾಭ. ಇದನ್ನೇನು ಯಾರಾದರೂ ಕಲಿಸಬೇಕೆ? ಬಣವೆಯನ್ನೆಲ್ಲ ಮಾರಿಬಿಟ್ಟೆ. ಎಮ್ಮೆಯೂ ವಾಡಿಯನ್ನು ಚಪ್ಪರಿಸಿ ತಿಂದಿತು. ಗಂಡನ ಮುಂದೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಎಮ್ಮೆ ಈಯಿತು, ಹೆಣ್ಣು ಕರು. ಮರುದಿನ ಬೆಳಿಗ್ಗೆ ನೋಡಿದರೆ ತಾಯಿ ಫರಸಿ ಕಲ್ಲಿನ ಮೇಲೆ ಕುತ್ತಿಗೆ ಚೆಲ್ಲಿ ಮಲಗಿದೆ, ಏಳುತ್ತಿಲ್ಲ. ದನದ ಡಾಕ್ಟರು ಬಂದು ಬಾಟಲಿ ಏರಿಸುತ್ತ ಕೇಳಿದರು: "ಬರೇ ವಾಡಿ ಹಾಕೀರೇನ್ರಿ? ಅದು ಮೈಯಾಗಿನ ಸುಣ್ಣಾ ತಿಂತೈತ್ರಿ. ಸುಣ್ಣದ ತಿಳಿ ಚಿಮುಕ್ಸಿ, ಕಣಕಿ ಕೂಡ್ಸಿ ಹಾಕಬೇಕು." ಹೋಗುವಾಗ ಅಂದರು, "ಈ ಕಲ್ಲಿನ ಮ್ಯಾಲ ಒಂದ ಮಗ್ಗಲಾ ಬಿದ್ರ ತೊಡಿ ಕೊಳೀತಾವು. ದಪ್ಪಗ ಹಾಸ್ರಿ, ತಾಸಿಗೊಮ್ಮಿ ಮಗ್ಗಲಾ ಹೊಳ್ಳಿಸ್ರಿ. ಎದ್ರ ಎದ್ದೀತು." ಗಂಡ ಆಸೆ ಬಿಟ್ಟು ದನದ ದಲಾಲನಿಗೆ ಹೇಳಿ ಕಳಿಸಿದರು.

ಸುದ್ದಿ ಮುಟ್ಟಿ ಅತ್ತೆ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಬಣವೆಯಿದ್ದ ಬರಿ ಜಾಗ ನೋಡಿದರು, ಎಮ್ಮೆಯ ಕಿವಿ ಮುಟ್ಟಿದರು. "ಕಿವಿ ತಣ್ಣಗ ಅದಾವು, ಬೆಚ್ಚಗ ಹಾಸಬೇಕು. ಚಪ್ಪಲಿ ಮೆಟ್ಟು, ನಡಿ" ಅಂದರು.

ಹಾಸಲು ಬೇಕಾದದ್ದು ರವದಿ, ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ. ನಮ್ಮ ಕಡೆ ಅದಕ್ಕೆ ಬೆಂಕಿ ಹಚ್ಚುವುದೇ ರೂಢಿ. ಎರಡು ಹೊಲ ಆಗಲೇ ಬೂದಿಯಾಗಿದ್ದವು. ಮೂರನೆಯದರಲ್ಲಿ ರೈತ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ. ಅತ್ತೆ ಸೀರೆ ಎತ್ತಿ ಕಟ್ಟಿ ರವದಿಯ ನಡುವೆ ಹೋಗಿ ಕುಳಿತೇಬಿಟ್ಟರು!

"ಏ ಯವ್ವಾ, ಏಳ ಬೇ, ಬೆಂಕಿ ಹಚ್ಚಾಕತ್ತೇನಿ."

"ಹಚ್ಚೋ ತಮ್ಮಾ, ನನ್ನೂ ಕೂಡ್ಸಿ ಹಚ್ಚು."

ಅಲ್ಲಿಯವರೆಗೆ ಪುಕ್ಕಟೆ ಸುಡಲು ಹೊರಟಿದ್ದವ, ಬಿದ್ದ ಎಮ್ಮೆಗೆ ಹಾಸಲು ನಮಗೆ ಬೇಕೆಂದು ಗೊತ್ತಾದ ಕೂಡಲೇ ಬಂಡಿಗಿಷ್ಟು ಅಂತ ರೇಟು ಕಟ್ಟಿದ. ನನಗೆ ಪಿತ್ತ ನೆತ್ತಿಗೇರಿತು. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದರು, "ರೊಕ್ಕಾ ಕೊಡೂದಿಲ್ಲಪಾ. ಒಯ್ದ ರವದಿ ಎಮ್ಮಿ ಬುಡಕ ಹಾಸಿ, ಗೊಬ್ಬರಾ ಮಾಡಿ, ನಿನ್ನ ಹೊಲಕ್ಕ ತಂದ ಹಾಕ್ತೇನಿ. ಬೂದಿಗಿಂತ ಛಲೋ ಅಲ್ಲೇನು?"

"ಎಮ್ಮಿ ಸತ್ರ ಗೊಬ್ಬರಾ ಎಲ್ಲೀದ ಬೇ?"

"ಸಾಯಾಕ ಬಿಟ್ರ ಹೌದಲ್ಲೋ!"

ಅವನು ನಕ್ಕುಬಿಟ್ಟ. ಕಡ್ಡಿಪೆಟ್ಟಿಗೆ ಕಿಸೆಗಿಟ್ಟು ತಾನೇ ಬಂಡಿ ಹೂಡಿದ.

ಮೊಣಕಾಲುದ್ದ ಹಾಸಿದೆವು. ಒದ್ದೆಯಾದದ್ದನ್ನು ಎಳೆದು ತೆಗೆದು ಒಣದನ್ನು ತುಂಬುವುದು, ತಾಸಿಗೊಮ್ಮೆ ಮಗ್ಗಲು ಹೊರಳಿಸುವುದು. ನಾನು ಕಾಲು ಹಿಡಿದರೆ ಅವರು ಹೆಗಲು ಕೊಟ್ಟು ದೂಡುವರು. ಅರವತ್ತು ದಾಟಿದ ಹೆಂಗಸು! ಎಂಥ ಗಟ್ಟಿ ಜೀವ ಅದು! ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡನೆಯ ದಿನ ತಡೆಯಲಾಗಲಿಲ್ಲ. "ಅತ್ತಿ, ನನಗ ಬೈರೀ" ಎಂದು ಗಳಗಳನೆ ಕಣ್ಣೀರು ಹಾಕಿದೆ.

"ಬೈಯಾಕ ಈಗ ವ್ಯಾಳ್ಯಾ ಐತೇನ? ಹಿಂಗಾಲ ಹಿಡಿ" ಅಂದರು.

ನಾಲ್ಕನೆಯ ದಿನ ಮುಂಜಾನೆ ಎಮ್ಮೆ ಹಿಂಗಾಲು ಊರಿತು, ತೂರಾಡಿತು, ನಿಂತಿತು. ಕರು ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ದಲಾಲ ಬಂದದ್ದು ಆ ಹೊತ್ತಿಗೇ. ಬಿದ್ದ ಎಮ್ಮೆ ಒಯ್ಯಲು ಬಂದವ ನಿಂತದ್ದನ್ನು ನೋಡಿ ಮಾತು ಹೊರಳಿಸಿದ: "ಯವ್ವಾರ, ಛಲೋ ರೇಟ್ ಕೊಡ್ತೇನ್ರಿ. ಈ ತುಟ್ಟಿ ಮೇವಿನ್ಯಾಗ ಯಾಕ ಸಾಕ್ತೀರಿ?"

ಅತ್ತೆ ಕರುವಿನ ಮೈ ಒರೆಸುವುದನ್ನು ನಿಲ್ಲಿಸಲಿಲ್ಲ. "ನನ್ನ ಯಾಕ ಕೇಳ್ತೀಯೋ? ಎಮ್ಮಿ ಈಗ ನನ್ನದಲ್ಲ, ಸೊಸೀದು. ಆಕೀನ್ನ ಕೇಳು."

ನನ್ನ ಮೊಣಕೈವರೆಗೆ ಸೆಗಣಿಯಿತ್ತು. ಎಮ್ಮೆಯನ್ನು ಕೊಲ್ಲಲು ಹೊರಟಿದ್ದವಳ ಕೈಗೇ ಅತ್ತೆ ಅದನ್ನು ಕೊಟ್ಟುಬಿಟ್ಟಿದ್ದರು.

"ಕೊಡೂದಿಲ್ರಿ" ಅಂದೆ.